ಪದಚರ್ಚೆ: ಬೆಲ್ಟನ್ನು ಬಿಗಿ ಮಾಡುವ ಗಾಲಿಗೆ ನಿಮ್ಮ ಕಡೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಇಲ್ಲಿನ ಕನ್ನಡಿಗರ ಎಷ್ಟೋ ಮನೆಗಳ ಸುತ್ತ ಅರ್ಧ ಎಕರೆ, ಒಂದೆಕರೆ ಹುಲ್ಲು ಇರುತ್ತದೆ. ಅದನ್ನು ಕತ್ತರಿಸಲು ಹಲವರು ಹಳೆಯ ಟ್ರ್ಯಾಕ್ಟರ್ ಮೋವರ್ ಕೊಳ್ಳುತ್ತಾರೆ. ಮೇಲೆ ಕೂತು ಓಡಿಸುವ ಪುಟ್ಟ ಗಾಡಿ ಅದು. ಅದರ ಬೆಲ್ಟ್ ಬದಲಿಸುವ ಬಗ್ಗೆ ಗೆಳೆಯರಿಗಾಗಿ ಕನ್ನಡದಲ್ಲೇ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಜಾಸ್ತಿ ಕಾಡಿದ್ದು ಐಡ್ಲರ್ ಪುಲ್ಲಿ, ಅಂದರೆ ಬೆಲ್ಟನ್ನು ಒತ್ತಿ ಬಿಗಿ ಮಾಡುವ ಗಾಲಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಬೆಲ್ಟ್ ಇರುತ್ತವೆ. ಒಂದು ಎಂಜಿನ್ನಿನಿಂದ ಹಿಂದಿನ ಗೇರ್ ಪೆಟ್ಟಿಗೆಗೆ, ಇನ್ನೊಂದು ಕೆಳಗಿನ ಬ್ಲೇಡುಗಳಿಗೆ. ಹಳೆಯ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಬೇರೆ ಕ್ಲಚ್ ಪ್ಲೇಟ್ ಇಲ್ಲ. ಪೆಡಲ್ ಒತ್ತಿದರೆ ಐಡ್ಲರ್ ಪಕ್ಕಕ್ಕೆ ಸರಿದು ಬೆಲ್ಟ್ ಸಡಿಲವಾಗುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಅದನ್ನು ಎಳೆದು ಬೆಲ್ಟನ್ನು ಬಿಗಿ ಮಾಡುತ್ತದೆ. ಅಂದರೆ ಕ್ಲಚ್ಚಿನ ಕೆಲಸವೆಲ್ಲ ಆ ಗಾಲಿಯದೇ. ಹಾಗಿರುವಾಗ ಇಂಗ್ಲಿಷ್ ಹೆಸರು ನೋಡಿಕೊಂಡು ಅದನ್ನು ಸೋಮಾರಿ ಗಾಲಿ ಅನ್ನೋದು ಸರಿಯಲ್ಲ, ಅಲ್ವಾ?

ಸದ್ಯಕ್ಕೆ 'ಬಿಗಿರಾಟೆ' ಎಂದು ಬರೆದಿದ್ದೇನೆ. ರಾಟೆ ಬಾವಿಕಟ್ಟೆಯಲ್ಲೂ ಇದೆ, ಶಾಲೆಯ ವಿಜ್ಞಾನ ಪುಸ್ತಕದಲ್ಲೂ ಇದೆ. ಆದರೆ ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಪುಲ್ಲಿಯೇ. ಉತ್ತರ ಕರ್ನಾಟಕದ ಗಿರಣಿಗಳಲ್ಲಿ ಬೆಲ್ಟಿಗೆ ಪಟ್ಟಾ ಅನ್ನುವುದುಂಟು. ಪಟ್ಟಾ ಬಿಗಿ ಮಾಡುವ ಗಾಲಿಗೂ ಅಲ್ಲಿ ಒಂದು ಹೆಸರು ಇದ್ದರೆ ನನಗೆ ಅದೇ ಬೇಕು. ಕೆಲಸ ಮಾಡುವವರ ಬಾಯಲ್ಲಿ ಪದ ಇರುವಾಗ ನಾವು ಕೂತು ಹೊಸದು ಕಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು 'ಜಾರು'. ಪುಲ್ಲಿ ತಿರುಗುತ್ತಿದ್ದರೂ ಬೆಲ್ಟ್ ಹಿಡಿತ ತಪ್ಪಿ ಹಿಂದೆ ಬೀಳುವುದು ಒಂದು ದೋಷ. ಬೆಲ್ಟ್ ಪುಲ್ಲಿಯಿಂದಲೇ ಹೊರಗೆ ಬರುವುದು ಇನ್ನೊಂದು. ಮಾತಿನಲ್ಲಿ ಎರಡಕ್ಕೂ 'ಬೆಲ್ಟ್ ಜಾರಿತು' ಅನ್ನುತ್ತೇವೆ. ಆದರೆ ಕಾರಣ ಬೇರೆ ಬೇರೆ. ಮೊದಲನೆಯದಕ್ಕೆ ಸವೆದ ಬೆಲ್ಟು, ಸೋತ ಸ್ಪ್ರಿಂಗು, ಎಣ್ಣೆ ಜಿಡ್ಡು. ಎರಡನೆಯದಕ್ಕೆ ಬಗ್ಗಿದ ಪುಲ್ಲಿ, ಬೇರಿಂಗ್ ಹೋದ ಐಡ್ಲರ್, ಇಲ್ಲವೇ ಬೆಲ್ಟನ್ನು ಅದು ಹೊರಬೀಳದಂತೆ ಕಾಯುವ ತಡೆಕಂಬಿಯ ಹೊರಗಿನಿಂದ ಹಾಯಿಸಿರುವುದು. ಸೈಕಲ್ ಚೈನು 'ಕಳಚಿತು' ಅನ್ನುತ್ತೇವಲ್ಲ, ಎರಡನೆಯದಕ್ಕೆ ಅದನ್ನೇ ಬಳಸಿ ಮೊದಲನೆಯದಕ್ಕೆ ಮಾತ್ರ 'ಜಾರು' ಇಟ್ಟುಕೊಳ್ಳೋಣ ಅಂತ ನನ್ನ ಆಲೋಚನೆ. ಪವರ್ ಟಿಲ್ಲರ್ ಓಡಿಸುವವರು ಈ ವ್ಯತ್ಯಾಸ ಮಾಡುತ್ತಾರೆಯೇ?

ಬರೆದದ್ದು ಓದಲು ಹೇಗಿದೆ ಎಂದು ತಿಳಿಯಲು ಒಂದು ತುಣುಕು ಹಾಕುತ್ತಿದ್ದೇನೆ:

'ಕೆಲಸಕ್ಕೆ ಮೊದಲು ಎಂಜಿನ್ ನಿಲ್ಲಿಸಿ, ತಣ್ಣಗಾಗಲಿ. ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಡಿಸಿ ದೂರ ಇಡಿ. ಹಳೆಯ ಬೆಲ್ಟ್ ತೆಗೆಯುವ ಮುಂಚೆ ಅದು ಹಾಯ್ದಿರುವ ದಾರಿಯ ಫೋಟೋ ತೆಗೆದುಕೊಳ್ಳಿ. ತಳದ ಕಡೆ ಕಿರಿದಾಗುವ ವಿ-ಬೆಲ್ಟ್ ಹಿಡಿಯುವುದು ಎರಡು ಮಗ್ಗುಲಿನಿಂದ, ತಳದಿಂದಲ್ಲ. ಮಗ್ಗುಲು ಕನ್ನಡಿಯ ಹಾಗೆ ಮಿರುಗುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಬೆಲ್ಟಿನ ತಳ ಪುಲ್ಲಿಯ ಕೊರಕಲಿನ ತಳಕ್ಕೆ ತಾಗುತ್ತಿದ್ದರೆ ಬದಲಿಸಿ. ಬಿಗಿರಾಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ ಅದನ್ನೂ ಬದಲಿಸಿ.'

ಇಲ್ಲಿ 'ಮಗ್ಗುಲು' ಸರಿ ಹೋಗುತ್ತದೆಯೇ? ಪಕ್ಕ, ಬದಿ ಎರಡನ್ನೂ ಹಾಕಿ ನೋಡಿದೆ. ಪುಲ್ಲಿಯ ಪಕ್ಕವೋ ಬೆಲ್ಟಿನ ಪಕ್ಕವೋ ಎಂದು ಗೊಂದಲ ಆಗುತ್ತದೆ. 'ಕೊರಕಲು' ಬಗ್ಗೆಯೂ ಅನುಮಾನ ಇದೆ. ನೀರು ಕೊರೆದ ನೆಲ ಕಣ್ಣಿಗೆ ಬರುತ್ತದೆ.

ಬೆಲ್ಟಿನ ಮೇಲಿನ ಗುರುತುಗಳನ್ನು ಹಾಗೇ ಉಳಿಸುತ್ತೇನೆ. 4ಎಲ್430 ಅಂದರೆ ಅರ್ಧ ಇಂಚು ಅಗಲ, ಹೊರಸುತ್ತು 43 ಇಂಚು. ಅದೇ ಅಳತೆ ಎ41 ಎಂದೂ ಸಿಗುತ್ತದೆ, ಅದರ ಲೆಕ್ಕ ಒಳಸುತ್ತಿನದು. ಹೊರಸುತ್ತು, ಒಳಸುತ್ತು ಸುಲಭವಾಗಿ ಒದಗಿದವು. ಅಳತೆ ಒಂದೇ ಇದ್ದರೂ ಸುಮ್ನೆ ಸಿಕ್ಕಿದ ಬೆಲ್ಟ್ ಹಾಕಬಾರದು ಎಂದೂ ಬರೆಯುತ್ತೇನೆ. ಕ್ಲಚ್ಚಿನಂತೆ ಕೆಲಸ ಮಾಡುವ ಬೆಲ್ಟಿನ ಹೊದಿಕೆಯೇ ಬೇರೆ.

ಗಿರಣಿ, ಪಂಪ್‌ಸೆಟ್, ಟಿಲ್ಲರ್ ರಿಪೇರಿ ಮಾಡುವವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಪದದ ಜೊತೆ ಯಾವ ತಾಲ್ಲೂಕಿನದು ಎಂದೂ ಬರೆಯಿರಿ.