ಪದಚರ್ಚೆ: ‘ಕಸ್ಟಮೈಸ್’ ಎಂದರೆ ‘ಗ್ರಾಹಕೀಯಗೊಳಿಸು’ ಎಂದೇ ಬರೆಯಬೇಕೆ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಕರಡು ತಿದ್ದುವ ನಾಲ್ಕಾರು ಮಂದಿಗೆಂದು, ಕಂಪ್ಯೂಟರಿನಲ್ಲಿ ಪಠ್ಯ ಬರೆದು ತಿದ್ದುವ ಈಮ್ಯಾಕ್ಸ್ ಎಡಿಟರ್ ಬಗ್ಗೆ ಚಿಕ್ಕದೊಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯ ಸಲೀಸಾಗಿ ಮುಗಿಯಿತು. ಎರಡನೆಯದು ತಲೆಬರಹದಲ್ಲೇ ನಿಂತುಹೋಗಿದೆ. ‘ಕಸ್ಟಮೈಸ್’ ಮಾಡುವುದಕ್ಕೆ, ಅಂದರೆ ತಂತ್ರಾಂಶವನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳುವುದಕ್ಕೆ, ಕನ್ನಡದಲ್ಲಿ ಏನೆನ್ನುವುದು?

ಮೊಬೈಲಿನ ಕನ್ನಡ ಮೆನುಗಳಲ್ಲಿ ‘ಗ್ರಾಹಕೀಯಗೊಳಿಸಿ’ ಎಂದು ಇರುವುದನ್ನು ನೀವೆಲ್ಲ ನೋಡಿರುತ್ತೀರಿ. ನನಗೆ ಅದು ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಇಂಗ್ಲಿಷಿನ ‘ಕಸ್ಟಮ್’ ಎಂದರೆ ರೂಢಿ, ವಾಡಿಕೆ. ‘ಕಸ್ಟಮರ್’ ಕೂಡ ಅದೇ ಬೇರಿನ ಪದ. ವಾಡಿಕೆಯಾಗಿ ಒಂದೇ ಅಂಗಡಿಗೆ ಬರುವವನು. ಪದ ಕಟ್ಟಿದವರು ವಾಡಿಕೆಯನ್ನು ಬಿಟ್ಟು ಗಿರಾಕಿಯ ಕೈ ಹಿಡಿದುಬಿಟ್ಟಿದ್ದಾರೆ. ‘ಕಸ್ಟಮ್ಸ್’ ಎಂದರೆ ಸುಂಕವೂ ಹೌದು, ಸದ್ಯ ‘ಸುಂಕೀಕರಣ’ ಆಗಲಿಲ್ಲ! ಅದಲ್ಲದೆ ನಾವು ಈಗ ಬಳಸುವ ಗ್ನೂ ಈಮ್ಯಾಕ್ಸ್ 1985ರಿಂದ ಬಳಕೆಯಲ್ಲಿರುವ ಸ್ವತಂತ್ರ ತಂತ್ರಾಂಶ. ಅದನ್ನು ಇಳಿಸಿಕೊಳ್ಳಲು ಕಾಸು ಕೊಡಬೇಕಿಲ್ಲ, ತೆರೆದು ತಿದ್ದಲು ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಿ ಗ್ರಾಹಕನಿಗೆ ಏನು ಕೆಲಸ?

ಬೇರೆ ಎಡಿಟರುಗಳಲ್ಲಿ ಕಸ್ಟಮೈಸ್ ಎನ್ನುವುದು ಮೂಲೆಯಲ್ಲಿರುವ ಒಂದು ಮೆನು, ಈಮ್ಯಾಕ್ಸಿನಲ್ಲಿ ಹಾಗಲ್ಲ. ಅದರ ಮೊದಲ ರೂಪ ಹುಟ್ಟಿದ್ದೇ ಹೀಗೆ: ಎಂಐಟಿಯ ಪ್ರಯೋಗಾಲಯದಲ್ಲಿ ಟೀಕೋ ಎಂಬ ಎಡಿಟರಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಅನುಕೂಲಕ್ಕೆ ಮ್ಯಾಕ್ರೋಗಳನ್ನು (ಹಲವು ಆಜ್ಞೆಗಳನ್ನು ಒಟ್ಟಿಗೆ ನಡೆಸುವ ಕಟ್ಟುಗಳನ್ನು) ಬರೆದುಕೊಂಡಿದ್ದರು, 1976ರಲ್ಲಿ ಅವುಗಳನ್ನು ಕಲೆಹಾಕಿ ಒಂದು ರೂಪಕ್ಕೆ ತಂದರು. ‘ಎಡಿಟರ್ ಮ್ಯಾಕ್ರೋಸ್’ ಎನ್ನುವುದೇ ಮೊಟಕಾಗಿ ಈಮ್ಯಾಕ್ಸ್ ಆಯಿತು. ಹಾಗಾಗಿ ಈ ಪದವನ್ನು ‘ಹೇಗೋ ಒಂದು’ ಎಂದು ಬಿಡಲು ಮನಸ್ಸಿಲ್ಲ.

ಈಮ್ಯಾಕ್ಸ್ ಶುರುವಾಗುವಾಗ ಓದಿಕೊಳ್ಳುವ ನನ್ನ ‘ಇನಿಟ್’ ಕಡತದಲ್ಲಿ ಹೆಚ್ಚೇನೂ ಇಲ್ಲ. ಕನ್ನಡ ಲಿಪಿಗೆ ಬೇರೆ ಫಾಂಟ್ ಬಳಸಲು ಒಂದು ಸಾಲು. ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ‘ಕನ್ನಡ-ಐಟ್ರಾನ್ಸ್’ ಬರವಣಿಗೆಗೆ (ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕ್ರಮಕ್ಕೆ) ಹೊರಳುವಂತೆ ಇನ್ನೊಂದು. ಸಾಲಿನ ಅಗಲ 70 ಅಕ್ಷರ ಇದ್ದದ್ದನ್ನು 80ಕ್ಕೆ ಏರಿಸಲು ಮತ್ತೊಂದು. ಕೊನೆಗೆ ಈಮ್ಯಾಕ್ಸಿನ ಪ್ರೋಗ್ರಾಮಿಂಗ್ ಭಾಷೆಯಾದ ಲಿಸ್ಪಿನಲ್ಲಿ ಕೈಯಾರೆ ಬರೆದ ಒಂದು ಆಜ್ಞೆ: ಕೀಲಿ ಒತ್ತಿದರೆ ಅಲ್ಪವಿರಾಮ, ಪೂರ್ಣವಿರಾಮಗಳ ಹಿಂದೆ ಬಿದ್ದ ಖಾಲಿ ಜಾಗವನ್ನೆಲ್ಲ ಕಡತದ ಉದ್ದಕ್ಕೂ ಅಳಿಸಿಹಾಕುತ್ತದೆ. ಕರಡು ತಿದ್ದುವವರಿಗೆ ಇದೊಂದೇ ಸಾಕು, ಈಮ್ಯಾಕ್ಸಿಗೆ ಬರಲು.

ಮೊದಲ ಮೂರರಲ್ಲಿ ಇದ್ದದ್ದನ್ನೇ ನನಗೆ ಬೇಕಾದಂತೆ ಬದಲಿಸಿದ್ದೇನೆ, ನಾಲ್ಕನೆಯದರಲ್ಲಿ ಇಲ್ಲದ್ದನ್ನು ಸೇರಿಸಿದ್ದೇನೆ. ಎರಡನ್ನೂ ಒಳಗೊಳ್ಳುವ ಪದಕ್ಕೆ ಸಂಸ್ಕೃತದ ‘-ಈಕರಣ’ದವರೆಗೆ ಹೋಗುವ ಅಗತ್ಯ ನನಗೆ ಕಾಣುತ್ತಿಲ್ಲ, ನಮ್ಮ ಕ್ರಿಯಾಪದವೇ ಸಾಕು. ‘ಹೊಂದಿಕೊಳ್ಳು’ ಎಂದರೆ ನಾನೇ ಎಡಿಟರಿಗೆ ತಕ್ಕಂತೆ ಬದಲಾಗುವುದು. ನಡುವೆ ಒಂದು ‘ಇಸು’ ಸೇರಿ ‘ಹೊಂದಿಸಿಕೊಳ್ಳು’ ಆದರೆ ಎಡಿಟರನ್ನೇ ನನಗೆ ತಕ್ಕಂತೆ ಬದಲಿಸುವುದು. ಇನ್ನು ‘ಕೊಳ್ಳು’ ಹೋಗಿ ‘ಕೊಡು’ ಬಂದರೆ ಆ ಕೆಲಸವನ್ನು ಬೇರೆಯವರು ನನಗಾಗಿ ಮಾಡುವುದು. ಡೂಮ್, ಸ್ಪೇಸ್‌ಮ್ಯಾಕ್ಸ್ ಎಂಬ ಸಿದ್ಧ ಕಟ್ಟುಗಳು ಯಾರೋ ಹೊಂದಿಸಿಕೊಟ್ಟ ಈಮ್ಯಾಕ್ಸ್, ನನ್ನದು ನಾನು ಹೊಂದಿಸಿಕೊಂಡದ್ದು. ಈ ವ್ಯತ್ಯಾಸ ಇಂಗ್ಲಿಷಿನ ಆ ಒಂದು ಪದದಲ್ಲಿ ಇಲ್ಲವೇ ಇಲ್ಲ.

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಒಗ್ಗಿಸಿಕೊಳ್ಳು’ ಕಿವಿಗೆ ಹಿತವಾಗಿದೆ, ಆದರೆ ಅದರ ದಿಕ್ಕು ತಿರುಗುಮುರುಗು: ಚಳಿಗೆ ನಾವು ಮೈಯನ್ನು ಒಗ್ಗಿಸಿಕೊಳ್ಳುತ್ತೇವೆ, ಚಳಿಯನ್ನು ಮೈಗಲ್ಲ. ಈಮ್ಯಾಕ್ಸಿನ ಕೀಲಿಗಳಿಗೆ ಬೆರಳು ಒಗ್ಗಿಸಿಕೊಳ್ಳುವ ಪಾಠಕ್ಕೆ ಅದನ್ನು ಇಟ್ಟುಕೊಂಡಿದ್ದೇನೆ. ‘ಪಳಗಿಸು’ ಆನೆಗೆ ಇರಲಿ. ‘ಸಂರಚಿಸು’ ತಪ್ಪಲ್ಲ, ಆದರೆ ನಮ್ಮ ಕರಡು ತಿದ್ದುವವರು ಅದನ್ನು ಕಂಡರೆ ಪುಟ ಮಗುಚುತ್ತಾರೆ.

ತೊಡಕು ಇರುವುದು ನಾಮಪದದಲ್ಲಿ. ‘ಹೊಂದಿಸಿಕೊಳ್ಳಿ’ ಎಂದು ಗುಂಡಿಯ ಮೇಲೆ ಬರೆಯಬಹುದು, ‘ನನ್ನ ಕಸ್ಟಮೈಸೇಶನ್’ ಎನ್ನಲು ಏನು ಮಾಡುವುದು? ‘ಹೊಂದಾಣಿಕೆ’ ಪದವನ್ನು ಪತ್ರಿಕೆಗಳು ಎಂದೋ ಸೀಟು ಹಂಚಿಕೆಗೆ ಬಿಟ್ಟುಕೊಟ್ಟಿವೆ. ‘ಹೊಂದಾಣಿಕೆ ರಾಜಕಾರಣ’ ಎಂದರೆ ಒಳಒಪ್ಪಂದ ಎಂದೇ ಅರ್ಥ. ‘ಹೊಂದಿಸುವಿಕೆ’ ವ್ಯಾಕರಣಕ್ಕೆ ಸರಿ, ಬಾಯಿಗೆ ಭಾರ. ‘ಹೊಂದಿಕೆ’ ಚಿಕ್ಕದು, ಚೊಕ್ಕದು, ಆದರೆ ಅದರಲ್ಲಿ ‘ಇಸು’ ಕಳೆದುಹೋಗುತ್ತದೆ. ಇಲ್ಲಿಯೇ ನನ್ನ ನಿಜವಾದ ಪ್ರಶ್ನೆ. ‘ಅಳವಡಿಸು’ ಎನ್ನುವುದರಿಂದ ‘ಅಳವಡಿಕೆ’ ಬರುವಾಗಲೂ ‘ಇಸು’ ಬಿದ್ದುಹೋಗಿದೆ, ಆದರೂ ಯಾರೋ ಅಳವಡಿಸಿದರು ಎಂಬ ಅರ್ಥ ಉಳಿದಿದೆ. ಹಾಗೆಯೇ ‘ಹೊಂದಿಕೆ’ಯನ್ನು ‘ಹೊಂದಿಸಿದ್ದು’ ಎಂಬ ಅರ್ಥದಲ್ಲಿ ಬಳಸಿದರೆ ಓದುಗರು ಒಪ್ಪುತ್ತಾರೆಯೇ? ಅಥವಾ ಅವರಿಗೆ ‘ಸಾಮರಸ್ಯ’ ಎಂದೇ ಕೇಳಿಸುತ್ತದೆಯೇ? ವ್ಯಾಕರಣ ಬಲ್ಲವರು ಇಂಥ ಇನ್ನೆರಡು ಜೋಡಿಗಳನ್ನು ಕೊಟ್ಟರೆ ನನ್ನ ಧೈರ್ಯ ಹೆಚ್ಚುತ್ತದೆ.

ಇನ್ನೂ ಒಂದು ವಿಷಯವನ್ನು ಹಳ್ಳಿಯ ಕಸುಬು ಬಲ್ಲವರು ತಿಳಿಸಬೇಕು. ಕೊಡಲಿಯ ಕಾವನ್ನೋ ಉಳಿಯ ಹಿಡಿಯನ್ನೋ ತನ್ನ ಕೈಯಳತೆಗೆ ತಕ್ಕಂತೆ ಕೆತ್ತಿಕೊಳ್ಳುವುದಕ್ಕೆ ನಿಮ್ಮ ಕಡೆ ಪ್ರತ್ಯೇಕ ಮಾತು ಇದೆಯೇ? ಇದ್ದರೆ ಅದನ್ನೇ ತಲೆಬರಹ ಮಾಡುತ್ತೇನೆ.

‘ಕಿಲ್’, ‘ಯಾಂಕ್’ ಪದಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಡಿ. ಈಮ್ಯಾಕ್ಸಿನಲ್ಲಿ ಕಿಲ್ ಎಂದರೆ ಕತ್ತರಿಸುವುದು. ಯಾಂಕ್ ಎಂದರೆ ಅಂಟಿಸುವುದು, ವಿಐ ಎಂಬ ಇನ್ನೊಂದು ಎಡಿಟರಿನಲ್ಲಿ ಅದೇ ಪದಕ್ಕೆ ನಕಲು ಮಾಡುವುದು ಎಂದರ್ಥ. ಅವರವರಲ್ಲೇ ಒಮ್ಮತವಿಲ್ಲದ ಪದಕ್ಕೆ ನಾವೇಕೆ ಕನ್ನಡ ಹುಡುಕಬೇಕು? ‘ಕತ್ತರಿಸು’, ‘ಅಂಟಿಸು’ ಎಂದೇ ಬರೆದಿದ್ದೇನೆ.