ಎಂಬಿಬಿಎಸ್ ಮಕ್ಕಳಿಗೆ ಹಳ್ಳಿ ಮನೆ ಭೇಟಿ ಯಾಕೆ?

ಪ್ರಶ್ನೆ (ಪೋಷಕರು, ರಾಜಾಜಿನಗರ): ನಮಸ್ತೆ ಮೇಡಂ. ಮಗಳು ಬೆಂಗಳೂರಿನಲ್ಲೇ ಎಂಬಿಬಿಎಸ್ ಮೊದಲ ವರ್ಷ ಓದುತ್ತಿದ್ದಾಳೆ. ಕಾಲೇಜಿನವರು ಬಸ್ಸಿನಲ್ಲಿ ಹಳ್ಳಿಗೆ ಕರೆದುಕೊಂಡು ಹೋಗಿ ಒಬ್ಬೊಬ್ಬರಿಗೆ ಮೂರು ಮನೆ ಹಂಚಿದ್ದಾರೆ. ಬಿಪಿ ನೋಡುವುದು, ಫಾರಂ ತುಂಬುವುದು, ವಾಪಸ್ ಬರುವುದು, ಅಷ್ಟೇ. ಅನಾಟಮಿ ಓದೋಕೇ ಟೈಮ್ ಸಾಲುತ್ತಿಲ್ಲ. ಇದು ನಿಜವಾಗಿ ಬೇಕಾ?

ಉತ್ತರ (ಕಮ್ಯುನಿಟಿ ಮೆಡಿಸಿನ್ ಅಧ್ಯಾಪಕಿ): ಬೇಕು ಸರ್. ಆದರೆ ಫಾರಂ ತುಂಬಿ ಬರುವುದಷ್ಟೇ ಆದರೆ ಮಗಳಿಗೂ ಪ್ರಯೋಜನವಿಲ್ಲ, ಆ ಮನೆಯವರಿಗೂ ಇಲ್ಲ.

ಇದು ಕುಟುಂಬ ದತ್ತು ಕಾರ್ಯಕ್ರಮ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021-22ರ ಬ್ಯಾಚಿನಿಂದ ಶುರು ಮಾಡಿತು. ಯೋಚನೆ ಮಾತ್ರ ಹಳೆಯದು. ಡಾಕ್ಟರ್ ಆಗುವವರಿಗೆ ಮೂರು ತಿಂಗಳು ರೋಗ ತಡೆಯುವ ಕೆಲಸದ ತರಬೇತಿ ಬೇಕೆಂದು, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. 1977ರಲ್ಲಿ, ಪ್ರತಿ ಮೆಡಿಕಲ್ ಕಾಲೇಜು ಮೂರು ಪಿಎಚ್‌ಸಿಗಳ (ಪ್ರಾಥಮಿಕ ಆರೋಗ್ಯ ಕೇಂದ್ರಗಳ) ಜವಾಬ್ದಾರಿ ತೆಗೆದುಕೊಳ್ಳಬೇಕು ಎಂಬ ಯೋಜನೆಯೂ ಬಂತು. ಆದರೂ ಕಾಲೇಜಿನ ಪಾಡು ಕಾಲೇಜಿಗೆ, ಆರೋಗ್ಯ ಇಲಾಖೆಯ ಪಾಡು ಇಲಾಖೆಗೆ ಎಂಬಂತೆಯೇ ಉಳಿಯಿತು. ನನಗೆ ಬೇಜಾರಾಗುವುದು ಅದಕ್ಕೇ.

ಮಗಳ ಪಾಲಿಗೆ ಬಂದ ಮನೆಯ ಅಜ್ಜಿಗೆ ಬಿಪಿ 170/100 ಇದೆ ಅಂದುಕೊಳ್ಳಿ. ಲಾಗ್‌ಬುಕ್‌ನಲ್ಲಿ ಬರೆದು ಬಸ್ ಹತ್ತಿದರೆ ಅಜ್ಜಿಗೆ ಏನು ಸಿಕ್ಕಿತು? ಅದನ್ನೇ ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಅಜ್ಜಿ ಪಿಎಚ್‌ಸಿಗೆ ಹೋಗುತ್ತಾರೆ, ಹೆಸರು ಬಿಪಿ-ಶುಗರ್ ಪಟ್ಟಿಗೆ ಸೇರುತ್ತದೆ, ಮಾತ್ರೆ ಶುರುವಾಗುತ್ತದೆ. ಮುಂದಿನ ಸಲ ಮಗಳು ಹೋದಾಗ ಮಾತ್ರೆ ಶೀಟ್ ಕೇಳಿ ನೋಡಲಿ. ಖಾಲಿಯಾಗಿ ವಾರ ಕಳೆದಿರಬಹುದು. ಯಾಕಜ್ಜಿ ಅಂದರೆ, ಕರೆದುಕೊಂಡು ಹೋಗೋಕೆ ಮಗ ಒಂದು ದಿನದ ಕೂಲಿ ಬಿಡಬೇಕು ಅನ್ನುತ್ತಾರೆ. ಬಿಪಿ ಯಾಕೆ ಇಳಿಯುತ್ತಿಲ್ಲ ಅಂತ ಆಗ ಗೊತ್ತಾಗುತ್ತದೆ. ಆಸ್ಪತ್ರೆ ವಾರ್ಡಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ.

ಕಲಿಸುವ ಸಂಸ್ಥೆ ಮತ್ತು ಪಿಎಚ್‌ಸಿ ಕೈಜೋಡಿಸಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಮ್ಮೂರಿನ ನಿಮ್ಹಾನ್ಸ್ ನೋಡಿ. 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಪಿಎಚ್‌ಸಿ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಲು ಶುರು ಮಾಡಿದರು. ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಪ್ರಶ್ನೆ (ಅದೇ ಪೋಷಕರು): ಪಿಜಿ ಸೀಟ್ ಸಿಕ್ಕಿದ ಮೇಲಾದರೂ ಇದೆಲ್ಲ ಇರಲ್ಲ ಅಲ್ವಾ?

ಉತ್ತರ: ಇರುತ್ತದೆ ಸರ್. ಎಂಡಿ, ಎಂಎಸ್ ಮಾಡುವವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. 2020ರಲ್ಲಿ ಬಂದ ನಿಯಮ.

ಪ್ರಶ್ನೆ (ಪಿಎಚ್‌ಸಿ ವೈದ್ಯಾಧಿಕಾರಿ): ಮೇಡಂ, ನಮ್ಮ ಕಷ್ಟವನ್ನೂ ಕೇಳಿ. ಹೇಳದೆ ಕೇಳದೆ ಒಂದು ಬಸ್ ತುಂಬ ವಿದ್ಯಾರ್ಥಿಗಳು ಬರುತ್ತಾರೆ. ಹೊರಗೆ ಓಪಿಡಿ ಸಾಲು. ಯಾರಿಗೆ ಏನು ಕಲಿಸಲಿ?

ಉತ್ತರ: ನಿಮ್ಮ ಮಾತು ನೂರಕ್ಕೆ ನೂರು ಸರಿ ಡಾಕ್ಟ್ರೇ. ಬಯಲುಸೀಮೆಯಲ್ಲಿ ಒಂದು ಪಿಎಚ್‌ಸಿಗೆ 30,000 ಜನ ಅನ್ನುವುದು ಸರ್ಕಾರದ ಲೆಕ್ಕ. ಅದರ ಮೇಲೆ ಪಾಠದ ಹೊರೆಯನ್ನೂ ಸುಮ್ನೆ ಹಾಕುವುದು ತಪ್ಪು. ಐದಾರು ಜನರ ಗುಂಪು ಮಾಡಿ ಲಸಿಕೆ ದಿನವೋ ಗರ್ಭಿಣಿಯರ ತಪಾಸಣೆ ದಿನವೋ ಕಳಿಸಿ ಅಂತ ಕಾಲೇಜಿಗೆ ಬರೆಯಿರಿ. ಜೊತೆಗೆ ಒಬ್ಬ ಅಧ್ಯಾಪಕರು ಬಂದು ನಿಮ್ಮ ಓಪಿಡಿಯಲ್ಲಿ ಕೂತು ರೋಗಿಗಳನ್ನು ನೋಡಲಿ. ಸಾಲೂ ಕರಗುತ್ತದೆ, ಪಾಠವೂ ಆಗುತ್ತದೆ.

ಪೋಷಕರೇ, ಮುಂದಿನ ಭೇಟಿಗೆ ಹೋದಾಗ ಆಶಾ ಕಾರ್ಯಕರ್ತೆಯ ಫೋನ್ ನಂಬರ್ ತೆಗೆದುಕೊಳ್ಳೋಕೆ ಮಗಳಿಗೆ ಹೇಳಿ.