ಅಪ್‌ಡೇಟ್: ಅಮ್ಮನ ಜೊತೆ ಚೋಳರ ಗುಡಿಗಳನ್ನು ನೋಡಿ ಬಂದೆವು
ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ತಂಜಾವೂರು, ಕುಂಭಕೋಣಂ ಸುತ್ತಲು ಎರಡು ದಿನ ಸಾಕೇ ಅಂತ ಕೇಳಿದ್ದೆ. ಮೂರು ದಿನ ಇಟ್ಟುಕೊಳ್ಳಿ ಅಂದವರಿಗೆಲ್ಲ ನಮಸ್ಕಾರ, ನಿಮ್ಮ ಮಾತೇ ಸರಿ. ಆ ಕಡೆ ಹೆಚ್ಚಿನ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲೂ ಆಗದು.

1010ರಲ್ಲಿ ಚೋಳ ದೊರೆ ರಾಜರಾಜ ಮುಗಿಸಿದ ತಂಜಾವೂರಿನ ಬೃಹದೀಶ್ವರ ಗುಡಿಯನ್ನು ಸಂಜೆ ನೋಡಿದೆವು. ಆದರೆ ಅಮ್ಮ ಕರಗಿದ್ದು ಕುಂಭಕೋಣಂ ಪಕ್ಕದ ದಾರಾಸುರಂನಲ್ಲಿ. ಅಲ್ಲಿನ ಐರಾವತೇಶ್ವರ ಶಿವನ ಗರ್ಭಗುಡಿಯ ಹೊರಗೋಡೆಯ ಬುಡದಲ್ಲಿ ಅರವತ್ತಮೂರು ನಾಯನ್ಮಾರರ (ತಮಿಳುನಾಡಿನ ಶಿವಭಕ್ತ ಸಂತರ) ಕತೆಗಳನ್ನು ಗೇಣುದ್ದದ ಶಿಲ್ಪಗಳಲ್ಲಿ ಕಡೆದಿದ್ದಾರೆ. ತಮಿಳು ಓದಲು ಬಾರದ ಅಮ್ಮ ಒಂದರ ಮುಂದೆ ನಿಂತು, "ಇವನು ನಮ್ಮ ಬೇಡರ ಕಣ್ಣಪ್ಪ ಅಲ್ವೇನೋ!" ಅಂದರು. ಮಂಡಿನೋವು ಮರೆತು ಅಲ್ಲೇ ಕೂತುಬಿಟ್ಟರು. ಚೋಳರ ಇನ್ನೊಂದು ದೊಡ್ಡ ಗುಡಿ ಇರುವ ಗಂಗೈಕೊಂಡ ಚೋಳಪುರಂ ಈ ಸಲ ಬಿಟ್ಟೆವು. ಹೋಗುವವರು ದಾರಾಸುರಂಗೆ ಅರ್ಧ ದಿನವಾದರೂ ಕೊಡಿ.